ಹಗೇವಿನ ರಾಗಿ, 11 ಬಾಯಿ: ಲಾಕ್‌ಡೌನ್‌ನಲ್ಲಿ ನಮ್ಮ ಮನೆ ನಡೆದ ಬಗೆ

ಹಗೇವು ಅಂದರೆ ಏನು ಅಂತ ನಮ್ಮ ಶಿರಾ ಸೀಮೆಯವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ, ಅದು ಕಾಳು ಕೂಡಿಡಲು ನೆಲದೊಳಗೆ ತೋಡುವ ಗುಂಡಿ. ಆದರೆ ಈಗಿನ ಕಾಲದಲ್ಲಿ ಅದಕ್ಕೆ ರಾಗಿ ತುಂಬುತ್ತೇನೆ ಅಂದರೆ ಮನೆಯವರೇ ಒಪ್ಪಲ್ಲ. 2020ರ ಜನವರಿಯಲ್ಲಿ ನಾನು 8 ಕ್ವಿಂಟಲ್ ಸುರಿದಾಗ ಬೆಂಗಳೂರಿನಿಂದ ಕಣಕ್ಕೆ ಬಂದಿದ್ದ ಮೈದುನ ಸಿಟ್ಟಾದ. ಬೆಂಬಲ ಬೆಲೆ ಕ್ವಿಂಟಲ್‌ಗೆ 3150 ಇತ್ತು. ‘ಅತ್ತಿಗೆ, 25 ಸಾವಿರ ಗುಂಡಿಗೆ ಹಾಕ್ತಿದ್ದೀರಲ್ಲ’ ಅಂದ. ಅವನು ಸುಮ್ನೆ ಅಂದದ್ದಲ್ಲ. ಎರಡು ವರ್ಷದ ಹಿಂದೆ 5 ಕ್ವಿಂಟಲ್ ಹಾಳು ಮಾಡಿದ್ದೆ.

ಆ ಸಲ ಮಾವನವರ ಕಾಲದ ಹಳೇ ಹಗೇವನ್ನೇ ಗುಡಿಸಿ ತುಂಬಿದ್ದೆವು. ಅದು ಕೊಟ್ಟಿಗೆಯ ಇಳಿಜಾರಿನಲ್ಲಿತ್ತು. ಗಂಜಲ, ಮಳೆನೀರು ಎರಡೂ ಆ ಕಡೆಗೇ ಇಂಗುತ್ತಿದ್ದವು. ಸಾಲದ್ದಕ್ಕೆ ಇಬ್ಬನಿ ಆರುವ ಮೊದಲೇ, ಬೆಳಿಗ್ಗೆ ಬೆಳಿಗ್ಗೆ ರಾಗಿ ಸುರಿದೆವು. ಆರೇಳು ತಿಂಗಳಾದ ಮೇಲೆ ಬಾಯಿ ತೆಗೆದರೆ ಮುಗ್ಗಲು ವಾಸನೆ ಬೀದಿವರೆಗೂ ಬಂತು. ಕೈ ಹಾಕಿದರೆ ರಾಗಿ ಹೆಂಟೆ ಹೆಂಟೆಯಾಗಿ ಬಂತು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಅಷ್ಟೂ ತಿಪ್ಪೆಗೆ ಹೋಯಿತು. ಆಗಿನ ಬೆಲೆಗೆ ಹತ್ತು ಸಾವಿರದ ಹತ್ತಿರ. ಆ ರಾತ್ರಿ ನಾನು ಊಟ ಮಾಡಲಿಲ್ಲ.

2019ರ ಬೇಸಿಗೆಯಲ್ಲಿ ಹೊಸದು ತೋಡಿಸಿದೆ. ಹಿತ್ತಲಿನ ದಿಬ್ಬ, ಗಟ್ಟಿ ಕೆಂಪು ಮಣ್ಣು. ಆಳ 7 ಅಡಿ, ಹೊಟ್ಟೆ 4 ಅಡಿ, ಬಾಯಿ ಒಬ್ಬರು ಇಳಿಯುವಷ್ಟೇ. ಇಬ್ಬರು ಆಳು, ನಾಲ್ಕು ದಿನ, ಚಪ್ಪಡಿ ಎಲ್ಲಾ ಸೇರಿ ನಾಲ್ಕು ಸಾವಿರ ಆಗಿರಬೇಕು. ಒಳಗೆ ಎರಡು ಸಲ ಜಾಲಿ ಮುಳ್ಳು ಸುಟ್ಟೆವು. ಗೋಡೆ ಮಡಕೆ ಥರ ಟಣ್ ಅನ್ನಬೇಕು. ರಾಗಿಯನ್ನು ಮಾಮೂಲಿಗಿಂತ ಮೂರು ದಿನ ಜಾಸ್ತಿ ಒಣಗಿಸಿದೆ. ಬಿಸಿಲಲ್ಲಿ ಕಾದದ್ದನ್ನು ಹಾಗೇ ಸುರಿಯಬಾರದು, ನೆರಳಲ್ಲಿ ಆರಬೇಕು. ಸುತ್ತ ರಾಗಿ ಹುಲ್ಲಿನ ಮೆತ್ತೆ ಕೊಟ್ಟೆವು. ಬಾಯಿ ಮೆತ್ತುವ ಮಣ್ಣಿಗೆ ನಮ್ಮತ್ತೆ ಬೂದಿ ಜೊತೆ ಇನ್ನೊಂದು ಸೇರಿಸುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಅದು ಅವರ ಕೈಗುಣ.

2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ದಿನವೇ. ಹಬ್ಬಕ್ಕೆ ಬಂದ ಮೈದುನನ ಮನೆಯ ನಾಲ್ವರು, ನಾದಿನಿ, ಅವಳ ಮಗ ಎಲ್ಲರೂ ಇಲ್ಲೇ ಉಳಿದರು. 5 ಜನ ಇದ್ದ ಮನೆಯಲ್ಲಿ 11 ಆದೆವು. ಮೈದುನನಿಗೆ ಸಂಬಳ ನಿಂತಿತ್ತು. ಏಪ್ರಿಲ್‌ನಿಂದ ಕೇಂದ್ರದವರು ತಲೆಗೆ 5 ಕೆಜಿ ಉಚಿತವಾಗಿ ಕೊಟ್ಟರು ನಿಜ, ಆದರೆ ನಮ್ಮ ರೇಷನ್ ಕಾರ್ಡಿನಲ್ಲಿ ಇದ್ದದ್ದು 5 ಹೆಸರು. ದಿನಕ್ಕೆ 4 ಕೆಜಿ ಹಿಟ್ಟು ಬೇಕಿತ್ತು.

ಚೀಲದಲ್ಲಿಟ್ಟಿದ್ದ ರಾಗಿ ಮೇ ಮಧ್ಯಕ್ಕೆ ಮುಗಿಯಿತು. ಹಗೇವಿನ ಬಾಯಿ ತೆಗೆದ ತಕ್ಷಣ ನಮ್ಮ ಯಜಮಾನರು ಇಳಿಯಲು ಕಾಲು ಹಾಕಿದರು. ಅತ್ತೆ ತೋಳು ಹಿಡಿದು ಎಳೆದರು. ‘ಮೊದಲು ದೀಪ ಬಿಡಪ್ಪ’ ಅಂದರು. ಹಗ್ಗಕ್ಕೆ ಲಾಟೀನು ಕಟ್ಟಿ ಬಿಟ್ಟೆವು. ಎರಡು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣಗಾಗಿ ಆರಿಯೇ ಹೋಯಿತು. ಅಂದರೆ ಒಳಗೆ ಉಸಿರಾಡುವ ಗಾಳಿ ಇಲ್ಲ. ನನ್ನ ಕೈ ನಡುಗಿತು. ಬೇವಿನ ಕೊಂಬೆಯನ್ನು ಮೇಲೆ ಕೆಳಗೆ ಆಡಿಸಿದೆವು, ಮಾರನೇ ದಿನದವರೆಗೂ ತೆರೆದೇ ಬಿಟ್ಟೆವು. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಇಬ್ಬರು ಇರಲೇಬೇಕು. ಹಗೇವಿನಲ್ಲಿ ಜೀವ ಹೋದದ್ದುಂಟು. ಇದರಲ್ಲಿ ಮಾತ್ರ ಯಾರೂ ಆತುರ ಮಾಡಬೇಡಿ.

ಬಾಯಿ ಹತ್ತಿರದ ಸುಮಾರು 20 ಕೆಜಿ ಬೂಸ್ಟು ಹಿಡಿದಿತ್ತು. ಉಳಿದದ್ದೆಲ್ಲ ಅಚ್ಚ ಕೆಂಪು, ಒಂದು ಹುಳ ಇಲ್ಲ. ಮೈದುನ ಬೊಗಸೆ ತುಂಬಿಕೊಂಡು ಮೂಸಿ ನೋಡಿದ, ಏನೂ ಅನ್ನಲಿಲ್ಲ. ಒಮ್ಮೆ ತೆರೆದ ಮೇಲೆ ಪೂರ್ತಿ ಖಾಲಿ ಮಾಡಬೇಕಲ್ವಾ, ವಾಡೆಗಳಿಗೆ, ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಗಳಿಗೆ, ತುಂಬಿದೆವು.

ಹಿಟ್ಟಿನ ಗಿರಣಿ ಬೆಳಿಗ್ಗೆ ಎರಡು ಗಂಟೆ ಮಾತ್ರ ನಡೆಯುತ್ತಿತ್ತು. ಅಟ್ಟದ ಕೆಳಗಿದ್ದ ಬೀಸುವ ಕಲ್ಲು ಹೊರಗೆ ಬಂತು. ಅದನ್ನು ಕುಟ್ಟಿಸಿ ಎಷ್ಟೋ ವರ್ಷವಾಗಿತ್ತು, ಹಿಟ್ಟು ತರಿತರಿ. ಮುದ್ದೆ ಕಟ್ಟಲು ಆಗದ ದಿನ ಅಂಬಲಿ ಮಾಡಿದೆ. ಮೇಲಕ್ಕೆ ಹುರುಳಿ ಬಸ್ಸಾರು, ಅಣ್ಣೆ ಸೊಪ್ಪು, ಹುಚ್ಚೆಳ್ಳು ಚಟ್ನಿಪುಡಿ. ರಾಗಿ ನಡುವೆ ಬಿತ್ತಿದ ಅಕ್ಕಡಿ ಸಾಲಿನ ತೊಗರಿ, ಅವರೆಗೆ ಹುಳ ಬೀಳದಂತೆ ಕೆಮ್ಮಣ್ಣು ಕಟ್ಟಿಟ್ಟಿದ್ದೆ, ಅದೂ ಕೈ ಹಿಡಿಯಿತು.

ಪಕ್ಕದ ತೋಟದವರು ಕೊಳ್ಳುವವರಿಲ್ಲದೆ ಟೊಮೇಟೊ ಬದುವಿಗೆ ಸುರಿಯುತ್ತಿದ್ದರು. ಎರಡು ಕ್ರೇಟ್ ತಂದು ಹೆಚ್ಚಿ, ಉಪ್ಪು ಸವರಿ, ಹಳೇ ಸೀರೆ ಮೇಲೆ ಒಣಗಿಸಿದೆ. ಒಂದು ಸಂಜೆಯ ಮಳೆಗೆ ಅರ್ಧ ಕೊಳೆಯಿತು. ಉಳಿದದ್ದು ಸಾರಿಗೆ ಹುಣಸೆಹಣ್ಣಿನ ಬದಲಿಗೆ ಬಂತು. ಈಗ ಪ್ರತಿ ಬೇಸಿಗೆಯೂ ಮಾಡುತ್ತೇನೆ, ತೆಳ್ಳಗೆ ಹೆಚ್ಚುವುದೇ ಮುಖ್ಯ.

ಎರಡು ಮನೆಗೆ 60 ಸೇರು ಕಡ ಕೊಟ್ಟೆವು. ಕೊಡುವಾಗ ಅತ್ತೆ ಗೋಪುರ ಅಳತೆ, ಅಂದರೆ ಸೇರಿನ ಮೇಲೆ ರಾಶಿ ನಿಲ್ಲುವಂತೆ, ಅಳೆದರು. ಹೊಸ ರಾಗಿ ಬಂದಾಗ ಇಬ್ಬರೂ ತಾವಾಗಿಯೇ ತಂದು ಸುರಿದರು. ಆಗಸ್ಟ್‌ನಲ್ಲಿ ಮೈದುನ ಬೆಂಗಳೂರಿಗೆ ಹೊರಟಾಗ ಒಂದು ಚೀಲ ಕಳಿಸಿದೆ. ಅಷ್ಟಾದರೂ ವರ್ಷದ ಕೊನೆಗೆ ಒಂದೂವರೆ ಕ್ವಿಂಟಲ್ ಮಿಕ್ಕಿತ್ತು.

2021ರ ಜನವರಿಯಲ್ಲಿ ಬೆಂಬಲ ಬೆಲೆ 3295. ಮೈದುನ ರಜೆ ಹಾಕಿ ಬಂದ. ‘ಈ ಸಲ 9 ಕ್ವಿಂಟಲ್ ಹಿಡಿಯುತ್ತಾ ಅತ್ತಿಗೆ?’ ಅಂತ ಕೇಳಿ, ಹುಲ್ಲಿನ ಮೆತ್ತೆ ಕೊಡಲು ತಾನೇ ಒಳಗಿಳಿದ.