ಬೆಂಚಿನಲ್ಲಿ ಕೂರಿಸಿಕೊಂಡು ಕಾದಿದ್ದು

ನಮ್ಮದು ಹನ್ನೆರಡು ಜನರ ಫ್ಯಾಂಟಸಿ ಫುಟ್‌ಬಾಲ್ ಲೀಗ್: ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ನಮ್ಮ ನಮ್ಮ ತಂಡಕ್ಕೆ ಆರಿಸಿಕೊಳ್ಳೋದು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. ಅದರಲ್ಲೂ ಡೈನಾಸ್ಟಿ, ಅಂದರೆ ತಂಡ ವರ್ಷದಿಂದ ವರ್ಷಕ್ಕೆ ಉಳಿಯುತ್ತೆ. ಪೂರ್ತಿ ಪಿಪಿಆರ್, ಅಂದರೆ ಒಂದೊಂದು ಕ್ಯಾಚ್‌ಗೂ ಒಂದು ಪಾಯಿಂಟ್. ವರ್ಷಕ್ಕೆ ತಲೆಗೆ 100 ಡಾಲರ್ ಫೀಸ್. ಹೆಚ್ಚಿನವರು ಸಿಯಾಟಲ್ ಸುತ್ತಮುತ್ತ ಇರುವ ಕನ್ನಡಿಗರು. 2023ರ ಅಕ್ಟೋಬರ್‌ನಲ್ಲಿ ನಾನು ಒಂದು ಫಸ್ಟ್ ರೌಂಡ್ ಪಿಕ್ (ಹೊಸ ಆಟಗಾರರನ್ನು ಆರಿಸುವಾಗ ಮೊದಲ ಸುತ್ತಿನಲ್ಲಿ ಸಿಗುವ ಸರದಿ) ಕೊಟ್ಟು ಸಿಯಾಟಲ್ ತಂಡ ಸೀಹಾಕ್ಸ್‌ನ ಹೊಸ ರಿಸೀವರ್, ಅಂದರೆ ಪಾಸ್ ಹಿಡಿಯುವ ಆಟಗಾರ, ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾನನ್ನು ತಗೊಂಡೆ. ವಾಟ್ಸಾಪ್‌ನಲ್ಲಿ ಎರಡು ದಿನ ಅದೇ ನಗು. "ಒಂದು ಕಡೆ ಮೆಟ್‌ಕಾಫ್, ಇನ್ನೊಂದು ಕಡೆ ಲಾಕೆಟ್. ಇವನಿಗೆ ಚೆಂಡು ಎಸೆಯೋರು ಯಾರು ಗುರು?"

ಕೇಳಿದ್ದರಲ್ಲಿ ತಪ್ಪಿಲ್ಲ, ಮೆಟ್‌ಕಾಫ್, ಲಾಕೆಟ್ ಇಬ್ಬರೂ ಅದೇ ತಂಡದ ಹಳಬ ರಿಸೀವರ್‌ಗಳು. ಹಿಂದಿನ ವರ್ಷವೇ ನಾನು ಕೈ ಸುಟ್ಟುಕೊಂಡಿದ್ದೆ. ಕಾನ್ಸಾಸ್ ಸಿಟಿಯ ರಿಸೀವರ್ ಟೈರೀಕ್ ಹಿಲ್ ಮಯಾಮಿಗೆ ಹೋದ, ಕಾನ್ಸಾಸ್ ಸಿಟಿಯಲ್ಲಿ ಜಾಗ ಖಾಲಿ ಅಂತ ಅಲ್ಲಿನ ಒಬ್ಬ ರೂಕಿಯನ್ನು, ಅಂದರೆ ಮೊದಲ ವರ್ಷದ ಆಟಗಾರನನ್ನು, ಹಿಡಿದೆ. ಅದೇ ತಂಡದ ಹಳಬ ಕೆಲ್ಸಿ 110 ಕ್ಯಾಚ್ ಹಿಡಿದ. ನನ್ನ ಹುಡುಗ ಇಪ್ಪತ್ತು ಚಿಲ್ಲರೆ.

ಆಮೇಲೆ ಪಾಯಿಂಟ್ ನೋಡುವುದನ್ನು ಬಿಟ್ಟೆ, ಎಷ್ಟು ರೂಟ್ (ಪಾಸ್ ಹಿಡಿಯಲು ಓಡುವ ಓಟ) ಓಡುತ್ತಾನೆ ಅಂತ ನೋಡತೊಡಗಿದೆ. ಮಣಿಕಟ್ಟಿನ ಆಪರೇಷನ್ ಆಗಿದ್ದರೂ ಸ್ಮಿತ್-ಎನ್‌ಜಿಗ್ಬಾ ಮೊದಲ ಪಂದ್ಯಕ್ಕೇ ಇಳಿದಿದ್ದ. ಸಿಗುತ್ತಿದ್ದದ್ದೆಲ್ಲ ಗಿಡ್ಡ ಪಾಸ್, ಅದಕ್ಕೇ ಅಂಕ ಕಡಿಮೆ. ಇನ್ನು ಲಾಕೆಟ್‌ಗೆ ಆಗಲೇ 31. ಇದೇ ಲೆಕ್ಕವನ್ನು ರೂಟ್ ಬದಲು ಸ್ನ್ಯಾಪ್ (ಮೈದಾನದಲ್ಲಿದ್ದ ಒಂದೊಂದು ಆಟ) ಹಿಡಿದು ಟೈಟ್ ಎಂಡ್‌ಗಳ ಮೇಲೂ ಹಾಕಿದೆ, ಕೆಟ್ಟೆ. ಟೈಟ್ ಎಂಡ್ ಅಂದರೆ ಪಾಸೂ ಹಿಡಿಯುವ, ಎದುರಾಳಿಯನ್ನು ತಡೆಯುವ ಬ್ಲಾಕೂ ಮಾಡುವ ಆಟಗಾರ. ಸುಮ್ನೆ ಬ್ಲಾಕ್ ಮಾಡಿಕೊಂಡು ನಿಂತವನ ಸ್ನ್ಯಾಪೂ ಎಣಿಕೆಗೆ ಸೇರುತ್ತೆ ಅಲ್ವಾ!

ಮೊದಲ ವರ್ಷ ಸ್ಮಿತ್-ಎನ್‌ಜಿಗ್ಬಾ ಗಳಿಸಿದ್ದು 628 ಯಾರ್ಡ್. ಹೆಂಡತಿ ಕೂಡ ಕೇಳಿದಳು, "ಆ ಹುಡುಗ ಇನ್ನೂ ಇದ್ದಾನಾ?" ಎರಡನೇ ವರ್ಷ ನಾನೇ ಎಡವಿದೆ. ಒಂಬತ್ತನೇ ವಾರ ರ‍್ಯಾಮ್ಸ್ ವಿರುದ್ಧ ಮೆಟ್‌ಕಾಫ್ ಇರಲಿಲ್ಲ. ಇನ್ನು ಇವನ ಮೇಲೇ ಇಬ್ಬರು ಬೀಳುತ್ತಾರೆ ಅಂತ ಅತಿ ಬುದ್ಧಿ ಓಡಿಸಿ ಬೆಂಚಿಗೆ ಹಾಕಿದೆ; ಬೆಂಚಲ್ಲಿದ್ದವನ ಪಾಯಿಂಟ್ ನಮಗೆ ಸೇರಲ್ಲ. 180 ಯಾರ್ಡ್, ಎರಡು ಟಚ್‌ಡೌನ್. ನಮ್ಮ ಲೆಕ್ಕದಲ್ಲಿ 37 ಪಾಯಿಂಟ್. ಆ ವಾರ ನಾನು ಸೋತದ್ದು ಹತ್ತೋ ಹನ್ನೊಂದೋ ಪಾಯಿಂಟಿನಿಂದ.

ಆ ಸೀಸನ್‌ನಲ್ಲಿ ಅವನು 100 ಕ್ಯಾಚ್, 1130 ಯಾರ್ಡ್. ನನಗೆ ಎರಡನೇ ಸ್ಥಾನ, ಮುನ್ನೂರು ಡಾಲರ್ ಆಸುಪಾಸು. ಮೂರು ವರ್ಷದ ಫೀಸ್ ಕಳೆದರೆ ಉಳಿದದ್ದು ಸೊನ್ನೆ, ಇರಲಿ.

2025ರ ಮಾರ್ಚ್‌ನಲ್ಲಿ ಲಾಕೆಟ್‌ನನ್ನು ಬಿಟ್ಟರು, ಮೆಟ್‌ಕಾಫ್ ಪಿಟ್ಸ್‌ಬರ್ಗ್‌ಗೆ ಹೋದ. ಅಂದು ನಕ್ಕವನೇ ಎರಡು ಫಸ್ಟ್ ರೌಂಡ್ ಪಿಕ್ ಹಿಡಿದು ಬಂದ. ಕೊಡಲಿಲ್ಲ. ಟ್ರೇಡ್ ಕೇಳಲು ಯಾವ ವಾರ ಸರಿ ಅಂತ ಹೇಗೆ ಗೊತ್ತಾಯ್ತು ಅಂದ. ಅದನ್ನೂ ಹೇಳಲಿಲ್ಲ, ಇಲ್ಲೂ ಹೇಳಲ್ಲ. ಅವರೆಲ್ಲ ಇದನ್ನು ಓದುತ್ತಾರೆ.