ಆನೆಗೆ ಸೊಂಡಿಲು ಬಂದ ಮೇಲೆ

ಐದಾರು ವರ್ಷದ ಮಕ್ಕಳಿಗೆ ಪುಸ್ತಕದಿಂದಲೇ ಚೆಸ್ ಕಲಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಮೇಡಂ, ಮೊಬೈಲ್‌ನಲ್ಲೇ ಆ್ಯಪ್ ಇದೆಯಲ್ಲ. ಓದೋಕೇ ಬರದ ಮಗೂಗೆ ಪುಸ್ತಕ ಯಾಕೆ?" ಅಂತ ಒಬ್ಬ ತಾಯಿ ಕೇಳಿದ್ದರು. ಅವರ ಮಗನೇ ಈಗ ನನ್ನ ಹತ್ತಿರ ಚೆಸ್ ಹಾಳೆಗಳ ಮೂರನೇ ಫೈಲ್ ತುಂಬಿಸುತ್ತಿದ್ದಾನೆ.

ಮೊದಲ ವರ್ಷ ಪೂರ್ತಿ ದಂಡ. ಬಣ್ಣಬಣ್ಣದ ಇಂಗ್ಲಿಷ್ ಪುಸ್ತಕಗಳಿಗೆ ಎರಡೂವರೆ ಸಾವಿರ ಹೋಯಿತು. ಮಕ್ಕಳು ಚಿತ್ರ ನೋಡಿದರು, ಪುಟ ತಿರುಗಿಸಿದರು, ಅಷ್ಟೇ. ಆಮೇಲೆ ಹಂಗೇರಿಯ ಚೆಸ್ ಗುರು ಲಾಸ್ಲೋ ಪೋಲ್ಗಾರ್ ಅವರ ಇಟ್ಟಿಗೆಯಂಥ ಪುಸ್ತಕ ತಂದೆ. ಚೆಸ್ ಲೆಕ್ಕ, ಆಟ ಎಲ್ಲ ಸೇರಿ ಒಟ್ಟು 5334. ಅದರಲ್ಲಿ ಮೊದಲ 306 ಒಂದೇ ನಡೆಯ ಚೆಕ್‌ಮೇಟ್, ಅಂದರೆ ಎದುರಾಳಿಯ ರಾಜ ತಪ್ಪಿಸಿಕೊಳ್ಳದಂತೆ ಒಂದೇ ನಡೆಗೆ ಕಟ್ಟಿಹಾಕುವುದು. ನನಗೆ ಬೇಕಾಗಿದ್ದೂ ಅಷ್ಟೇ. ಆದರೆ ಮೊದಲ ಚಿತ್ರಕ್ಕೇ ಗಾಡಿ ನಿಂತಿತು. ಒಬ್ಬಳು ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ಮಿಸ್, ಇದು ಆನೆ ಅಂದ್ರಲ್ಲ, ಸೊಂಡಿಲು ಎಲ್ಲಿ?"

ಸರಿಯಾದ ಪ್ರಶ್ನೆ ಅಲ್ವಾ? ನಾವು ಆನೆ ಅನ್ನುವುದು ಪುಸ್ತಕದಲ್ಲಿ ಕೋಟೆ ಬುರುಜು. ನಮ್ಮ ಒಂಟೆ ಅಲ್ಲಿ ಪಾದ್ರಿಯ ಟೋಪಿ. ಒಬ್ಬ ಅದನ್ನು ದೀಪ ಅಂದ. ಕೈಯಲ್ಲಿ ಕಾಯಿ ಹಿಡಿದು ಚೆನ್ನಾಗಿ ಆಡುವ ಮಗು ಅದೇ ಕಾಯನ್ನು ಪುಟದಲ್ಲಿ ಗುರುತಿಸುವುದಿಲ್ಲ. ನನ್ನ ಮಂಡೆಗೆ ಇದು ಹೋಗಲು ಎಂಟು ತಿಂಗಳು ಬೇಕಾಯಿತು.

ಕೊನೆಗೆ ರಬ್ಬರ್ ಸ್ಟಾಂಪ್ ಮಾಡಿಸಿದೆ. ಸೊಂಡಿಲಿರುವ ಆನೆ, ಡುಬ್ಬ ಇರುವ ಒಂಟೆ, ಹೀಗೆ ಆರು. ಮೊದಲ ಸೆಟ್ ಬೋರ್ಡಿನ ಮನೆಗಿಂತ ದೊಡ್ಡದಾಗಿ, ಆನೆಯ ಬಾಲ ಪಕ್ಕದ ಮನೆಗೆ ಹೋಗುತ್ತಿತ್ತು. ಸುಮಾರು 700 ರೂಪಾಯಿ ನೀರಿಗೆ ಬಿತ್ತು. ಎರಡನೆಯದಕ್ಕೆ 900 ಇರಬೇಕು. ಖಾಲಿ ಬೋರ್ಡಿನ ಜೆರಾಕ್ಸ್ ಹಾಳೆಗೆ ಎರಡು ರೂಪಾಯಿ. ಬಿಳಿ ಕಾಯಿಗೆ ಕೆಂಪು ಇಂಕು, ಕಪ್ಪಿಗೆ ನೀಲಿ.

ಕೆಲಸ ಇಷ್ಟೇ. ಪುಸ್ತಕದ ಚಿತ್ರ ನೋಡಿ ಮಗು ತನ್ನ ಹಾಳೆಯಲ್ಲಿ ಹಾಗೇ ಕಾಯಿ ಒತ್ತಬೇಕು. ಕುದುರೆ ಒಂದು ಮನೆ ಆಚೆ ಬಿದ್ದರೂ ಮೇಟ್ ಆಗುವುದಿಲ್ಲ. ಹಾಗಾಗಿ ಒತ್ತುವಾಗಲೇ ಅರ್ಧ ಕಲಿತಿರುತ್ತಾರೆ. ಆಮೇಲೆ ಮೇಟ್ ಆಗುವ ನಡೆಗೆ ಪೆನ್ನಿನಲ್ಲಿ ಒಂದೇ ಒಂದು ಬಾಣ. ಅಳಿಸುವಂತಿಲ್ಲ. ಮೊಬೈಲ್‌ನಲ್ಲಾದರೆ ಹಸಿರು ಬರುವ ತನಕ ಸುಮ್ನೆ ಒತ್ತುತ್ತಾ ಹೋಗುತ್ತಾರೆ. ಹಾಳೆ ಟಿಂಗ್ ಅನ್ನುವುದಿಲ್ಲ, ನೋಡಲೇಬೇಕು. ಮೊದಮೊದಲು ದಿನಕ್ಕೆ ಎರಡು ಲೆಕ್ಕ, ಆಮೇಲೆ ಆರು. ಸೊಂಡಿಲಿನ ಆನೆಯಿಂದ ಪುಸ್ತಕದ ಬುರುಜಿಗೆ ಯಾವಾಗ, ಹೇಗೆ ದಾಟಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ವರ್ಷ ಸವೆಸಿದ್ದೇನೆ!

ಒಂಬತ್ತು ಮಕ್ಕಳಲ್ಲಿ ಇಬ್ಬರು ಬಿಟ್ಟುಹೋದರು. ಒಬ್ಬ ಅಪ್ಪನ ಪಾಸ್‌ಬುಕ್ ತುಂಬಾ ಆನೆ ಒತ್ತಿದ. ಉಳಿದ ಏಳು ಜನ ಐದಾರು ತಿಂಗಳಲ್ಲಿ 306 ಮುಗಿಸಿದರು.

ನಡುವೆ ಒಂದು ಹುಚ್ಚಾಟವೂ ನಡೆಯಿತು. ಬೋರ್ಡಿನ ಮನೆಗೊಂದು ಹುರುಳಿ ಕಾಳು ಇಟ್ಟು, ಕುದುರೆ ಹೋದ ಮನೆಯ ಕಾಳು ಅದಕ್ಕೆ ಮೇವು ಅಂದೆ. ತಿಂದ ಮನೆಗೆ ಮತ್ತೆ ಹೋಗುವಂತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗೂ ಕುದುರೆ ನಡೆಸಿ ತೋರಿಸಿದವರು. ನಮ್ಮವರ ದಾಖಲೆ ಐವತ್ತರ ಹತ್ತಿರ, ನನ್ನದು ಅದಕ್ಕಿಂತ ಕಮ್ಮಿ. ಮೂಲೆಯಲ್ಲಿ ನಿಂತ ಕುದುರೆಗೆ ಎರಡೇ ದಾರಿ, ನಡುವೆ ಎಂಟು. ಇದನ್ನು ನಾನು ಬಾಯಿಬಿಟ್ಟು ಹೇಳಲೇ ಇಲ್ಲ, ಹುರುಳಿ ಹೇಳಿತು.

ನಡೆ ಬರೆಯುವುದನ್ನೂ ಕನ್ನಡದಲ್ಲೇ ಕಲಿಸಿದೆ. ರಾಜನಿಗೆ ರಾ, ಮಂತ್ರಿಗೆ ಮಂ, ಹಾಗೇ ಆ, ಒಂ, ಕು. ಮನೆಯ ಹೆಸರಿಗೆ ಮಾತ್ರ ಇಂಗ್ಲಿಷ್ ಅಕ್ಷರ. ಒಂದು ಟೂರ್ನಮೆಂಟಿನಲ್ಲಿ ತೀರ್ಪುಗಾರರು ನಮ್ಮ ಹುಡುಗನ ಸ್ಕೋರ್ ಶೀಟ್ ನೋಡಿ, ಇದೆಲ್ಲ ನಡೆಯಲ್ಲ ಅಂದರು. ಕಾಯಿಗೆ ತಮ್ಮ ನಾಡಿನ ಹೆಸರಿನ ಅಕ್ಷರ ಬಳಸಬಹುದು ಅಂತ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮದಲ್ಲೇ ಇದೆ. ಪ್ರಿಂಟ್ ತೆಗೆದುಕೊಂಡೇ ಹೋಗಿದ್ದೆ. ಹುಡುಗ ಐದರಲ್ಲಿ ಎರಡೇ ಗೆದ್ದ. ಆದರೆ ಮುಟ್ಟಿದ ಕಾಯಿ ನಡೆಸಲೇಬೇಕು ಅನ್ನುವ ನಿಯಮಕ್ಕೆ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಕೈ ತೊಡೆಯ ಕೆಳಗೆ ಇಟ್ಟುಕೊಂಡೇ ಯೋಚಿಸುತ್ತಿದ್ದ.

ಈಗ ಎರಡು ನಡೆಯ ಲೆಕ್ಕ ಶುರುವಾಗಿದೆ. ಒಂದು ಹಾಳೆಗೆ ಮೂರು ಬಾಣ ಬೇಕು: ನಮ್ಮದು ಎರಡು, ನಡುವೆ ಎದುರಾಳಿಯದು ಒಂದು. ಎದುರಾಳಿಯ ಬಾಣಕ್ಕೆ ಯಾವ ಬಣ್ಣ ಅನ್ನುವ ಜಗಳ ಇನ್ನೂ ಮುಗಿದಿಲ್ಲ.