ಮಾನೋ ಕಾರ್ಡ್ ಟೆಸ್ಟಿಗೂ ಮೊದಲು ಸ್ಲೈಡ್

ಜ್ವರ ವಾರವಾದರೂ ಬಿಟ್ಟಿಲ್ಲ, ಟಾನ್ಸಿಲ್ ಮೇಲೆ ಬಿಳಿ ಪೊರೆ, ಕತ್ತಿನ ಎರಡೂ ಕಡೆ ಗಡ್ಡೆ, ಕಣ್ಣಿನ ರೆಪ್ಪೆ ಊದಿದೆ. ಮಕ್ಕಳ ಡಾಕ್ಟರು ಚೀಟಿಯಲ್ಲಿ ಇಷ್ಟು ಬರೆದು ನಮ್ಮ ಲ್ಯಾಬಿಗೆ ರಕ್ತ ಕಳಿಸಿದರೆ ನನಗೆ ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಬರುವ ಮಾನೋ (ಮಾನೋನ್ಯೂಕ್ಲಿಯೋಸಿಸ್) ಕಾಯಿಲೆಯ ಅನುಮಾನ ಬಂದೇ ಬರುತ್ತದೆ. ಆದರೂ ಮಾನೋ ಕಾರ್ಡ್ ಟೆಸ್ಟನ್ನು ಮೊದಲು ಹಾಕುವುದಿಲ್ಲ. ಆ ಟೆಸ್ಟ್ ಹುಡುಕುವುದು ಈ ಸೋಂಕಿನಲ್ಲಿ ದೇಹ ತಯಾರಿಸುವ, ಬೇರೆ ಪ್ರಾಣಿಗಳ ಕೆಂಪುಕಣಕ್ಕೂ ಅಂಟುವ ಹೆಟೆರೊಫೈಲ್ ಆ್ಯಂಟಿಬಾಡಿಯನ್ನು, 1932ರಲ್ಲಿ ಪಾಲ್ ಮತ್ತು ಬನ್ನೆಲ್ ಕುರಿಯ ಕೆಂಪುಕಣ ಬಳಸಿ ತೋರಿಸಿಕೊಟ್ಟದ್ದನ್ನು. ಕಾಲೇಜು ವಯಸ್ಸಿನವರಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಕಾಯಿಲೆ ಇದ್ದರೂ ಎಷ್ಟೋ ಸಲ ನೆಗೆಟಿವ್. ಮೊದಲ ವಾರದಲ್ಲಂತೂ ದೊಡ್ಡವರಲ್ಲೂ ತಪ್ಪಿಸಿಕೊಳ್ಳುತ್ತದೆ. ನಮ್ಮ ಕಡೆ ಈ ವೈರಸ್ ಹೆಚ್ಚಾಗಿ ತಗಲುವುದೇ ಎಳೆಯ ವಯಸ್ಸಿನಲ್ಲಿ, ಹಾಗಾಗಿ ಆ ನೆಗೆಟಿವ್ ನಂಬಿ ಕೂರುವಂತಿಲ್ಲ.

ಸುಳಿವು ಸಿಗುವುದು ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯಲ್ಲಿ. ಬಿಳಿಕಣ ಹತ್ತರಿಂದ ಇಪ್ಪತ್ತು ಸಾವಿರದ ನಡುವೆ, ಅದರಲ್ಲಿ ಲಿಂಫೋಸೈಟ್ ಎಂಬ ಬಗೆಯವು ಅರ್ಧಕ್ಕಿಂತ ಮೇಲೆ, ಪ್ಲೇಟ್‌ಲೆಟ್ ಕೊಂಚ ಕಡಿಮೆ. ಮೆಷಿನ್ ಕೆಲವೊಮ್ಮೆ ಸೋಂಕಿನಿಂದ ದೊಡ್ಡದಾದ ಲಿಂಫೋಸೈಟುಗಳನ್ನು ಮಾನೋಸೈಟ್ ಎಂಬ ಬೇರೆ ಬಗೆಯ ಬಿಳಿಕಣವೆಂದು ಎಣಿಸುತ್ತದೆ, ಇಲ್ಲವೇ ‘ಬ್ಲಾಸ್ಟ್?’ (ಲ್ಯುಕೀಮಿಯಾ, ಅಂದರೆ ರಕ್ತದ ಕ್ಯಾನ್ಸರಿನಲ್ಲಿ ಕಾಣುವ ಎಳೆಯ ಕಣ) ಎಂದು ಫ್ಲ್ಯಾಗ್ ಹಾಕುತ್ತದೆ. ಫ್ಲ್ಯಾಗ್ ಬಂದ ರಿಪೋರ್ಟಿಗೆ ಸ್ಲೈಡ್ ನೋಡದೆ ನಾನು ಸಹಿ ಹಾಕುವುದಿಲ್ಲ. ಇನ್ನೊಂದು ಮಾತು: ಎರಡು ವರ್ಷದ ಮಗುವಿಗೆ ಲಿಂಫೋಸೈಟ್ ಶೇಕಡಾ 60 ಇರುವುದು ಸಹಜ. ಆ ವಯಸ್ಸಿನಲ್ಲಿ ಅಂಕಿಗಿಂತ ಕಣದ ಆಕಾರ ಮುಖ್ಯ.

ಆಕಾರ ಕೆಡಬಾರದೆಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಿಂದ ಎರಡು ಗಂಟೆಯೊಳಗೆ ಸ್ಲೈಡಿನ ಮೇಲೆ ಸ್ಮಿಯರ್ (ರಕ್ತದ ತೆಳು ಪದರ) ಎಳೆಯಬೇಕು. ಸಂಜೆ ತೆಗೆದ ರಕ್ತ ಮರುದಿನ ಬಂದರೆ ಸಹಜ ಲಿಂಫೋಸೈಟಿನ ನ್ಯೂಕ್ಲಿಯಸ್ಸೂ ಸೊಟ್ಟಗೆ ಕಾಣುತ್ತದೆ. ಅಂಥ ಸ್ಯಾಂಪಲ್ ಆದರೆ ಹೊಸದು ಕೇಳುತ್ತೇನೆ. ಲೀಶ್‌ಮನ್ ಸ್ಟೇನ್ (ಕಣಗಳಿಗೆ ಬಣ್ಣ ಕೊಡುವ ದ್ರವ) ಹಾಕಿದ ಮೇಲೆ ಸ್ಮಿಯರಿನ ನಡುಭಾಗವಷ್ಟೇ ಅಲ್ಲ, ಬಾಲ ಮತ್ತು ಅಂಚುಗಳನ್ನೂ ನೋಡುತ್ತೇನೆ. ದೊಡ್ಡ ಕಣಗಳು ಅಲ್ಲಿಗೆ ಸರಿದಿರುತ್ತವೆ. ನೂರರ ಬದಲು ಇನ್ನೂರು ಕಣ ಎಣಿಸುತ್ತೇನೆ. ಎಟಿಪಿಕಲ್ ಲಿಂಫೋಸೈಟ್, ಅಂದರೆ ಸೋಂಕಿನಿಂದ ಆಕಾರ ಬದಲಿಸಿದ ಲಿಂಫೋಸೈಟ್, ಶೇಕಡಾ 10 ದಾಟಿದರೆ ಅನುಮಾನ ಗಟ್ಟಿ.

ಆ ಕಣಕ್ಕೆ ಸೈಟೋಪ್ಲಾಸಂ ಧಾರಾಳ, ಬಣ್ಣ ತಿಳಿನೀಲಿ. ಪಕ್ಕದ ಕೆಂಪುಕಣಕ್ಕೆ ಒತ್ತಿಕೊಂಡು ಅದರ ಸುತ್ತ ಬಾಗಿರುತ್ತದೆ, ಒತ್ತಿದ ಕಡೆ ಸೀರೆಯ ಅಂಚಿನಂತೆ ಕಡುನೀಲಿ. ಎಲ್ಲಕ್ಕಿಂತ ನಾನು ನೆಚ್ಚುವ ಗುರುತು, ಒಂದು ಕಣ ಇನ್ನೊಂದರಂತಿಲ್ಲದಿರುವುದು: ಕೆಲವು ಚಿಕ್ಕವು, ಕೆಲವು ದೊಡ್ಡವು, ನ್ಯೂಕ್ಲಿಯಸ್ ಒಂದರಲ್ಲಿ ದುಂಡಗೆ, ಇನ್ನೊಂದರಲ್ಲಿ ಮಡಿಚಿದಂತೆ. ಲ್ಯುಕೀಮಿಯಾದಲ್ಲಿ ಹಾಗಲ್ಲ, ಬ್ಲಾಸ್ಟುಗಳು ಎಲ್ಲವೂ ಒಂದೇ ಮುಖದವು. ಜೊತೆಗೆ ಸಾಮಾನ್ಯವಾಗಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎರಡೂ ಬಿದ್ದಿರುತ್ತವೆ. ಸ್ವಲ್ಪವೇ ಸಂಶಯ ಉಳಿದರೂ ರಿಪೋರ್ಟ್ ಹೋಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ: “ಸರ್, ಇದು ಖಚಿತವಾಗುವ ತನಕ ಸ್ಟೆರಾಯ್ಡ್ ಬೇಡ.” ಗಂಟಲ ಊತ ಇಳಿಸಲು ಕೊಟ್ಟ ಸ್ಟೆರಾಯ್ಡ್ ಲ್ಯುಕೀಮಿಯಾವನ್ನು ಮರೆಮಾಚಿಬಿಡಬಹುದು. ಉಸಿರಾಟಕ್ಕೇ ತೊಂದರೆಯಾಗುವಷ್ಟು ಊದಿದ್ದರೆ ಆ ನಿರ್ಧಾರ ಅವರದು.

ಮಳೆಗಾಲದಲ್ಲಿ ಡೆಂಗಿಯೂ ಇಂಥದೇ ಕಣಗಳನ್ನು ತೋರಿಸುತ್ತದೆ. ಅಲ್ಲಿ ಶುರುವಿನಲ್ಲಿ ಬಿಳಿಕಣ ಕಡಿಮೆಯಾಗಿ, ಪ್ಲೇಟ್‌ಲೆಟ್ ವೇಗವಾಗಿ ಕುಸಿಯುತ್ತದೆ; ಡೆಂಗಿ ವೈರಸ್ಸಿನ ಪ್ರೋಟೀನಾದ ಎನ್‌ಎಸ್1 ನೋಡಿದರೆ ದಾರಿ ತಿಳಿಯುತ್ತದೆ. ಇಂಥದೇ ಕಣ ತೋರಿಸುವ ಸಿಎಂವಿ (ಸೈಟೊಮೆಗಾಲೊವೈರಸ್) ಬೇರೆ ಇದೆ. ಜೊತೆಗೆ ಉಳಿದ ಸೀರಂನಲ್ಲಿ ಯಕೃತ್ತಿನ ಎನ್ಝೈಮುಗಳಾದ ಎಎಲ್‌ಟಿ, ಎಎಸ್‌ಟಿ ನೋಡಲು ಅನುಮತಿ ಕೇಳುತ್ತೇನೆ. ಮಾನೋದಲ್ಲಿ ಕಾಮಾಲೆ ಇಲ್ಲದೆಯೂ ಇವು ಎರಡು ಮೂರು ಪಟ್ಟು ಏರಿರುವುದು ಸಾಮಾನ್ಯ, ಆದರೆ ಡೆಂಗಿ, ಸಿಎಂವಿಯಲ್ಲೂ ಏರುವುದರಿಂದ ಇದೊಂದರಿಂದಲೇ ತೀರ್ಮಾನ ಆಗದು. ಖಚಿತಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ಸಿನ ಎರಡು ಬೇರೆ ಭಾಗಗಳ ವಿರುದ್ಧದ ಆ್ಯಂಟಿಬಾಡಿಗಳಾದ ವಿಸಿಎ ಐಜಿಎಂ ಮತ್ತು ಇಬಿಎನ್‌ಎ ಐಜಿಜಿ ಜೊತೆಯಾಗಿ ಬೇಕು. ಮೊದಲನೆಯದು ಪಾಸಿಟಿವ್, ಎರಡನೆಯದು ನೆಗೆಟಿವ್ ಆದರೆ ಸೋಂಕು ಹೊಸದು, ಯಾಕೆಂದರೆ ಇಬಿಎನ್‌ಎ ಆ್ಯಂಟಿಬಾಡಿ ಕಾಣಿಸಿಕೊಳ್ಳಲು ವಾರಗಳೇ ಬೇಕು.

ರಿಪೋರ್ಟಿನ ಕೆಳಗೆ ಬರೀ ‘ಎಟಿಪಿಕಲ್ ಲಿಂಫೋಸೈಟ್ಸ್ ಪ್ರೆಸೆಂಟ್’ ಎಂದು ಬಿಡುವುದು ನನಗೆ ಒಪ್ಪುವುದಿಲ್ಲ. ಶೇಕಡಾವಾರು ಬರೆಯುತ್ತೇನೆ, ಬ್ಲಾಸ್ಟ್ ಕಂಡಿಲ್ಲವೆಂದಾದರೆ ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಎರಡು ವಾರಕ್ಕೆ ಸಿಬಿಸಿ ಮತ್ತು ಸ್ಮಿಯರ್ ಮತ್ತೆ ಕಳಿಸಲು ಕೋರುತ್ತೇನೆ. ಆ ಸಲ ಈ ಕಣಗಳು ಕಡಿಮೆಯಾಗಿರಬೇಕು. ಆಗದೆ, ಹಿಮೋಗ್ಲೋಬಿನ್ನೋ ಪ್ಲೇಟ್‌ಲೆಟ್ಟೋ ಇಳಿಯುತ್ತಿದ್ದರೆ ಬೋನ್ ಮ್ಯಾರೋ ಪರೀಕ್ಷೆಯ ಮಾತನ್ನು ನಾನೇ ಎತ್ತುತ್ತೇನೆ.